ಲ್ಯಾಬ್‌ಗೆ ಕಾಲಿಟ್ಟರೆ ಕೈ ನಡುಗುತ್ತದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ. ಎರಡು ವಾರದ ಹಿಂದೆ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಸಾಲ್ಟ್ ಅನಾಲಿಸಿಸ್ (ಕೊಟ್ಟ ಉಪ್ಪು ಯಾವುದು ಅಂತ ಕಂಡುಹಿಡಿಯುವ ಪ್ರಯೋಗ) ಮಾಡುವಾಗ ಪಕ್ಕದಲ್ಲಿದ್ದ ಗೆಳತಿಯ ಟೆಸ್ಟ್ ಟ್ಯೂಬ್‌ನಿಂದ ಬಿಸಿ ಆಸಿಡ್ ಚಿಮ್ಮಿ ನನ್ನ ಮುಂಗೈ ಮೇಲೆ ಬಿತ್ತು. ಯಾರೋ ಅಡುಗೆ ಸೋಡಾ ಹಚ್ಚು ಅಂದರು, ಇನ್ಯಾರೋ ನೀರು ಹಾಕಬೇಡ ಅಂದರು. ಗಾಯ ಒಣಗಿದೆ, ಕಲೆ ಉಳಿದಿದೆ. ಅಂದಿನಿಂದ ಲ್ಯಾಬ್‌ಗೆ ಹೋದರೆ ಕೈ ನಡುಗುತ್ತದೆ. ನಮ್ಮಲ್ಲಿ ಕನ್ನಡಕ ಕೊಡುವುದಿಲ್ಲ, ಹೊಗೆಯನ್ನು ಎಳೆದು ಹೊರಹಾಕುವ ಫ್ಯೂಮ್ ಹುಡ್ ಇದೆ ಆದರೆ ಅದರ ಫ್ಯಾನ್ ಓಡುವುದಿಲ್ಲ. ಅಮ್ಮ ಸೈನ್ಸ್ ಬಿಟ್ಟು ಬಿ.ಕಾಂ. ಸೇರು ಅನ್ನುತ್ತಾರೆ. ಮುಂದಿನ ಗುರುವಾರ ನೈಟ್ರೇಟ್‌ಗೆ ಬ್ರೌನ್ ರಿಂಗ್ ಟೆಸ್ಟ್ ಇದೆ. ಏನು ಮಾಡಲಿ?

ಉತ್ತರ: ಮೊದಲು ನಿನ್ನ ಕೈ ವಿಷಯ ಮಾತಾಡೋಣ. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು. ನನ್ನ ವಿದ್ಯಾರ್ಥಿಗಳನ್ನು ಕರೆದ ಹಾಗೆ ನಿನ್ನನ್ನೂ ‘ನೀನು’ ಅಂತಲೇ ಕರೆಯುತ್ತೇನೆ. ಕಲೆಯಿರುವ ಜಾಗ ಇನ್ನೂ ಕೆಂಪಗಿದ್ದರೆ, ಉರಿ ಅಥವಾ ತುರಿಕೆ ಇದ್ದರೆ, ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸು. ಒಣಗಿತಲ್ಲ ಅಂತ ಸುಮ್ನೆ ಬಿಡಬೇಡ.

ಆಸಿಡ್ ಮೈಮೇಲೆ ಬಿದ್ದರೆ ಮಾಡಬೇಕಾದ್ದು ಒಂದೇ. ನಲ್ಲಿ ಪೂರ್ತಿ ತಿರುಗಿಸಿ ಆ ಜಾಗವನ್ನು ಅದರ ಕೆಳಗೆ ಹಿಡಿಯುವುದು. ಕೂಡಲೇ ಹಿಡಿಯಬೇಕು, ಕಡಿಮೆಯೆಂದರೂ 15ರಿಂದ 20 ನಿಮಿಷ ಹಿಡಿದೇ ಇರಬೇಕು. ನೀರು ಹಾಕಬೇಡ ಅಂದವರಿಗೆ ಅರ್ಧ ವಿಷಯ ಗೊತ್ತು. ಸಲ್ಫ್ಯೂರಿಕ್ ಆಸಿಡ್ ನೀರಿಗೆ ಸೇರಿದಾಗ ಬಿಸಿ ಹುಟ್ಟುವುದು ನಿಜ. ಆದರೆ ನಾಲ್ಕು ಹನಿ ನೀರು ಚಿಮುಕಿಸಿದರೆ ಮಾತ್ರ ಆ ಬಿಸಿ ಅಲ್ಲೇ ಉಳಿದು ಸುಡುತ್ತದೆ. ನಲ್ಲಿ ನೀರು ಧೋ ಅಂತ ಬೀಳುತ್ತಿದ್ದರೆ ಬಿಸಿಯನ್ನೂ ಆಸಿಡನ್ನೂ ಅದೇ ಹೊತ್ತುಕೊಂಡು ಹೋಗುತ್ತದೆ. ಇನ್ನು ಸೋಡಾ ಇಟ್ಟಿರುವುದು ಮೇಜಿನ ಮೇಲೋ ನೆಲದ ಮೇಲೋ ಚೆಲ್ಲಿದ ಆಸಿಡ್‌ಗೆ. ಸೋಡಾ ಡಬ್ಬಿ ಹುಡುಕುವಷ್ಟರಲ್ಲಿ ಆಸಿಡ್ ತನ್ನ ಕೆಲಸ ಮುಗಿಸಿರುತ್ತದೆ. ಬೆಂದ ಚರ್ಮದ ಮೇಲೆ ಪುಡಿ ಉಜ್ಜಿದರೆ ಚರ್ಮ ಇನ್ನಷ್ಟು ಕಿತ್ತು ಬರುತ್ತದೆ. ಕಣ್ಣಿಗಂತೂ ನೀರು ಬಿಟ್ಟು ಇನ್ನೇನನ್ನೂ ಹಾಕಬಾರದು. ಬರ್ನರ್‌ನಿಂದಲೋ ಬಿಸಿ ಗಾಜಿನಿಂದಲೋ ಸುಟ್ಟರೂ ಇದೇ ಮಾತು: ತಣ್ಣೀರು, ಅದೂ ತುಂಬಾ ಹೊತ್ತು. ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ ಯಾವುದೂ ಬೇಡ. ಅದನ್ನೆಲ್ಲ ಮತ್ತೆ ಗಾಯದಿಂದ ತೊಳೆದು ತೆಗೆಯಲು ಆಸ್ಪತ್ರೆಯಲ್ಲಿ ನರ್ಸ್ ಪಡುವ ಕಷ್ಟವನ್ನೂ ಸುಟ್ಟುಕೊಂಡವರು ಪಡುವ ನೋವನ್ನೂ ನಾನು ನಿಂತು ನೋಡಿದ್ದೇನೆ.

ಈಗ ಆ ದಿನ ಏನಾಯಿತು ಅಂತ ನೋಡೋಣ. ಯಾಕಾಯಿತು ಅಂತ ತಿಳಿದರೆ ನಿನ್ನ ಭಯ ಅರ್ಧ ಇಳಿಯುತ್ತದೆ ಅಂತ ನನಗನ್ನಿಸುತ್ತದೆ. ಮನೆಯಲ್ಲಿ ರಾಗಿ ಅಂಬಲಿ ಕುದಿಯುವುದನ್ನು ನೋಡಿದ್ದೀಯಲ್ಲ? ಮೇಲೆ ಶಾಂತವಾಗಿರುತ್ತದೆ. ಇದ್ದಕ್ಕಿದ್ದಂತೆ ತಳದಿಂದ ದೊಡ್ಡ ಗುಳ್ಳೆಯೊಂದು ಎದ್ದು ‘ಫಟ್’ ಅಂತ ಒಡೆದು ಅಂಬಲಿ ಗೋಡೆಗೆ ಸಿಡಿಯುತ್ತದೆ. ಟೆಸ್ಟ್ ಟ್ಯೂಬ್‌ನಲ್ಲಿ ಆಗುವುದೂ ಅದೇ. ಉಪ್ಪಿನ ಜೊತೆ ಕಾನ್ (ಕಾನ್ಸಂಟ್ರೇಟೆಡ್, ಅಂದರೆ ನೀರು ಬೆರೆಸದ ಗಟ್ಟಿ) ಸಲ್ಫ್ಯೂರಿಕ್ ಆಸಿಡ್ ಹಾಕಿ, ಟ್ಯೂಬನ್ನು ನೆಟ್ಟಗೆ ಹಿಡಿದು, ತಳಕ್ಕೇ ಜ್ವಾಲೆ ಕೊಟ್ಟರೆ, ತಳದ ದ್ರವ ಮಿತಿಮೀರಿ ಬಿಸಿಯಾಗುತ್ತದೆ. ಅಲ್ಲಿ ಗುಳ್ಳೆಯೊಂದು ಹುಟ್ಟಿದ ಕೂಡಲೇ ಅದು ಮೇಲಿರುವ ದ್ರವವನ್ನೆಲ್ಲ ಪಿಚಕಾರಿಯಂತೆ ಹೊರಕ್ಕೆ ತಳ್ಳುತ್ತದೆ. ನೀರು 100 ಡಿಗ್ರಿಗೆ ಕುದಿಯುತ್ತದೆ. ಬಜ್ಜಿ ಕರಿಯುವ ಎಣ್ಣೆ 180ರ ಸುಮಾರು ಇರುತ್ತದೆ. 98 ಶೇಕಡಾ ಸಲ್ಫ್ಯೂರಿಕ್ ಆಸಿಡ್ ಕುದಿಯುವುದು ಹತ್ತಿರ ಹತ್ತಿರ 337 ಡಿಗ್ರಿಗೆ. ಹಾಗಾಗಿ ಬಿಸಿ ಮಾಡಿದ ಕಾನ್ ಆಸಿಡ್ ಎರಡು ಥರ ಸುಡುತ್ತದೆ, ಕಾವಿನಿಂದ ಒಂದು, ಆಸಿಡ್ ಗುಣದಿಂದ ಇನ್ನೊಂದು.

ಇದಕ್ಕೆ ಪರಿಹಾರ ಕೈಯ ಅಭ್ಯಾಸದಲ್ಲಿದೆ. ಟ್ಯೂಬ್‌ನಲ್ಲಿ ದ್ರವ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. ಟ್ಯೂಬನ್ನು ಓರೆಯಾಗಿ ಹಿಡಿ. ಜ್ವಾಲೆ ತಳಕ್ಕಲ್ಲ, ದ್ರವದ ಮೇಲ್ಭಾಗದ ಪಕ್ಕಕ್ಕೆ ತಾಗಲಿ. ಒಂದೇ ಕಡೆ ನಿಲ್ಲಿಸಬೇಡ, ಒಳಗೆ ಹೊರಗೆ ಆಡಿಸುತ್ತಾ ಇರು. ಟ್ಯೂಬಿನ ಬಾಯಿ ನಿನ್ನ ಕಡೆಗೂ ಬೇಡ, ಪಕ್ಕದವರ ಕಡೆಗೂ ಬೇಡ. ನಿನ್ನ ಗೆಳತಿ ಮರೆತದ್ದು ಈ ಕೊನೆಯದನ್ನು. ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಟ್ಯೂಬನ್ನು ನಮ್ಮ ಮುಖದಿಂದ ಆಚೆ ತಿರುಗಿಸಬೇಕು ಅಂತ ಎಲ್ಲರಿಗೂ ತಾನಾಗಿ ಹೊಳೆಯುತ್ತದೆ. ಆಚೆ ತಿರುಗಿಸಿದಾಗ ಅಲ್ಲಿ ಇನ್ನೊಬ್ಬರು ನಿಂತಿದ್ದಾರೆ ಅನ್ನುವುದನ್ನು ಯಾರಾದರೂ ಹೇಳಿಕೊಡಬೇಕು.

ಗಮನಿಸು, ಆ ದಿನ ನೀನು ಏನೂ ತಪ್ಪು ಮಾಡಿರಲಿಲ್ಲ. ಅದಕ್ಕೇ ಭಯ ಜಾಸ್ತಿ. ನಾನು ಸರಿಯಾಗಿದ್ದರೂ ಹೀಗಾಯಿತಲ್ಲ ಅನ್ನುವ ಭಯ ಇದು. ಹಾಗಾದರೆ ಲ್ಯಾಬ್‌ನಲ್ಲಿ ಯಾವ ಹೊತ್ತಿಗೆ ಜಾಸ್ತಿ ಹುಷಾರಾಗಿರಬೇಕು? ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಹೀಗಿದೆ. ಅನಾಹುತಗಳು ಪ್ರಯೋಗದ ನಡುವೆ ಆಗುವುದು ಕಡಿಮೆ. ಪ್ರಯೋಗ ಮಾಡುವಾಗ ಎಲ್ಲರ ಗಮನವೂ ಅಲ್ಲೇ ಇರುತ್ತದೆ. ಅವು ಆಗುವುದು ಸ್ವಲ್ಪ ಮೊದಲು ಅಥವಾ ಸ್ವಲ್ಪ ಆಮೇಲೆ. ಬಾಟಲಿ ತೆಗೆಯುವಾಗ, ಟ್ಯೂಬ್ ತೊಳೆಯುವಾಗ, ಪಕ್ಕದವರದ್ದನ್ನು ಬಗ್ಗಿ ನೋಡುವಾಗ, ಏಪ್ರನ್ ಬಿಚ್ಚಿ ಹೊರಡುವಾಗ. ‘ಒಂದೇ ನಿಮಿಷ’ ಅಂದುಕೊಳ್ಳುವ ಹೊತ್ತು ಅದು.

ನಾನು ಮೊದಲು ಕೆಲಸ ಮಾಡಿದ ಕಾಲೇಜಿನಲ್ಲಿ ನಡೆದದ್ದು. ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಮಧ್ಯಾಹ್ನದ ಬ್ಯಾಚ್. ಹುಡುಗನೊಬ್ಬ ಸಾಲ್ಟನ್ನು ಸರಿಯಾಗಿ ಕಂಡುಹಿಡಿದಿದ್ದ, ವೈವಾ ಕೂಡ ಮುಗಿದಿತ್ತು. ಊರಿಗೆ ಹೋಗುವ ಬಸ್ಸು ಐದಕ್ಕೆ. ಟ್ಯೂಬ್‌ಗಳನ್ನು ತೊಳೆದಿಟ್ಟು ಹೋಗು ಅಂದೆ. ಹೇಳಿದವಳು ನಾನೇ. ಒಂದು ಟ್ಯೂಬ್‌ನ ತಳದಲ್ಲಿ ಎರಡು ಬೆರಳಿನಷ್ಟು ಕಾನ್ ಸಲ್ಫ್ಯೂರಿಕ್ ಉಳಿದಿತ್ತು. ಅವನು ಅದನ್ನು ನೇರವಾಗಿ ನಲ್ಲಿ ಕೆಳಗೆ ಹಿಡಿದ. ಪಟಾಕಿ ಸಿಡಿದಂತೆ ಸದ್ದಾಯಿತು. ಆಸಿಡ್ ಎಡಗಣ್ಣಿನ ಹುಬ್ಬಿನ ಮೇಲೆ ಬಿತ್ತು. ಕಣ್ಣಿಗೂ ಹುಬ್ಬಿಗೂ ನಡುವೆ ಎಷ್ಟು ಜಾಗವಿದೆ, ನೀನೇ ಬೆರಳಿಟ್ಟು ನೋಡಿಕೋ. ಅವನನ್ನು ಎಳೆದು ತಂದು ತಲೆಯನ್ನೇ ನಲ್ಲಿ ಕೆಳಗೆ ಹಿಡಿದೆವು. ಕಣ್ಣು ಉಳಿಯಿತು. ಟ್ಯೂಬನ್ನು ಹೇಗೆ ಖಾಲಿ ಮಾಡಬೇಕು ಅಂತ ನಾನು ಆ ಬ್ಯಾಚಿಗೆ ಒಂದು ದಿನವೂ ತೋರಿಸಿರಲಿಲ್ಲ. ಪ್ರಯೋಗ ತೋರಿಸಿದ್ದೆ, ತೊಳೆಯುವುದನ್ನು ತೋರಿಸಿರಲಿಲ್ಲ. ಆ ತಪ್ಪು ನನ್ನದು.

ಯಾಕೆ ಸಿಡಿಯಿತು ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ನೀರಿನ ಸಾಂದ್ರತೆ 1, ಈ ಆಸಿಡ್‌ನದ್ದು 1.84. ಆಸಿಡ್ ಮೇಲೆ ನೀರು ಸುರಿದರೆ ನೀರು ಮೇಲೇ ತೇಲುತ್ತದೆ. ಎರಡೂ ತಾಗುವ ಗೆರೆಯಲ್ಲಿ ಹುಟ್ಟುವ ಬಿಸಿಗೆ ಆ ತೆಳು ನೀರು ಕ್ಷಣದಲ್ಲಿ ಕುದಿದು, ಜೊತೆಗೆ ಆಸಿಡನ್ನೂ ಹಾರಿಸುತ್ತದೆ. ತಿರುಗಿಸಿ ಮಾಡಿದರೆ, ಅಂದರೆ ಜಾಸ್ತಿ ನೀರಿಗೆ ಆಸಿಡನ್ನು ಸ್ವಲ್ಪ ಸ್ವಲ್ಪವೇ ಕಲಕುತ್ತಾ ಹಾಕಿದರೆ, ಆಸಿಡ್ ಕೆಳಗಿಳಿಯುತ್ತದೆ, ಬಿಸಿ ಅಷ್ಟೂ ನೀರಿಗೆ ಹಂಚಿಹೋಗುತ್ತದೆ. ‘ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ’ ಅಂತ ಪಿಯುಸಿಯಿಂದ ಬಾಯಿಪಾಠ ಮಾಡಿಸುತ್ತಾರೆ. ಅದು ತೊಳೆಯುವಾಗಲೂ ಅನ್ವಯಿಸುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಬ್ಯಾರಿ ಶಾರ್ಪ್‌ಲೆಸ್ ಅನ್ನುವ ಅಮೆರಿಕದ ಕೆಮಿಸ್ಟ್ ಹೆಸರು ಕೇಳಿರಬಹುದು. 2001ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ, ಎರಡು ಸಲ ನೊಬೆಲ್ ಪಡೆದವರು. ಅವರಿಗೆ ಒಂದು ಕಣ್ಣು ಕಾಣುವುದಿಲ್ಲ. 1970ರಲ್ಲಿ ಅವರು ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ಸಂಸ್ಥೆಯಲ್ಲಿ ಹೊಸ ಮೇಷ್ಟ್ರು. ರಾತ್ರಿ ಕೆಲಸ ಮುಗಿಸಿ, ಸುರಕ್ಷತೆಯ ಕನ್ನಡಕ ತೆಗೆದಿಟ್ಟು, ಕೋಟು ಹಾಕಿಕೊಂಡು ಮನೆಗೆ ಹೊರಟಿದ್ದರು. ದಾರಿಯಲ್ಲಿ ವಿದ್ಯಾರ್ಥಿಯೊಬ್ಬ ತೆಳುವಾದ ಗಾಜಿನ ಟ್ಯೂಬನ್ನು ತಣ್ಣಗಿಟ್ಟು ಸೀಲ್ ಮಾಡುತ್ತಿದ್ದ. ಏನು ಮಾಡುತ್ತಿದ್ದಾನೆ ಅಂತ ನಿಂತರು. ಟ್ಯೂಬ್ ಎತ್ತಿ, ಅದರ ಮೇಲೆ ಕೂತಿದ್ದ ಹಿಮ ಒರೆಸಿ, ಬೆಳಕಿಗೆ ಹಿಡಿದರು. ಅಷ್ಟು ತಂಪಿಗೆ ಗಾಳಿಯ ಆಕ್ಸಿಜನ್ ದ್ರವವಾಗಿ ಟ್ಯೂಬಿನೊಳಗೆ ಸೇರಿಕೊಂಡಿತ್ತು. ಟ್ಯೂಬ್ ಸಿಡಿದು ಗಾಜಿನ ಚೂರು ಕಣ್ಣಿಗೆ ಹೋಯಿತು. ಎರಡು ವಾರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದ್ದರು. ಅವರು ಆಮೇಲೆ ಹೇಳಿದ್ದರ ತಿರುಳು ಇಷ್ಟೇ: ಲ್ಯಾಬ್‌ನಲ್ಲಿರುವಷ್ಟು ಹೊತ್ತೂ ಕನ್ನಡಕ ಹಾಕದೇ ಇರುವುದಕ್ಕೆ ಯಾವ ನೆಪವೂ ಸಲ್ಲದು. ಪ್ರಯೋಗ ಅವರದ್ದಲ್ಲ, ನೋಡುವುದಕ್ಕೆ ನಿಂತಿದ್ದರು ಅಷ್ಟೆ. ನಿನ್ನ ಹಾಗೆಯೇ.

ಅದಕ್ಕೇ ನಿನಗೆ ನಾನು ಹೇಳುವ ಮೊದಲ ಖರ್ಚು ಕನ್ನಡಕ. ಕಾಲೇಜು ಕೊಡುವವರೆಗೆ ಕಾಯಬೇಡ. ವೆಲ್ಡಿಂಗ್, ಪೇಂಟಿಂಗ್ ಸಾಮಾನು ಮಾರುವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳು, ಒಂದೆರಡು ನೂರು ರೂಪಾಯಿಗೆ ಪಾಲಿಕಾರ್ಬೊನೇಟ್ ಕನ್ನಡಕ ಸಿಗುತ್ತದೆ. ಪಕ್ಕಗಳು ಮುಚ್ಚಿರಬೇಕು, ಹುಬ್ಬಿನ ಹತ್ತಿರ ಸಂದು ಬಿಡಬಾರದು. ಪವರ್ ಕನ್ನಡಕ ಇದ್ದರೆ ಅದರ ಮೇಲೇ ಕೂರುವಂಥದ್ದು ತಗೋ. ಬರೀ ಪವರ್ ಕನ್ನಡಕ ಸಾಲದು, ಪಕ್ಕದಿಂದ ಹಾರಿದ್ದನ್ನು ಅದು ತಡೆಯುವುದಿಲ್ಲ. ನಿನಗೆ ಬಿದ್ದದ್ದೂ ಪಕ್ಕದಿಂದಲೇ ಅಲ್ವಾ? ಒಳಗೆ ಬಂದ ಕೂಡಲೇ ಹಾಕು, ಬಾಗಿಲು ದಾಟಿದ ಮೇಲೆ ತೆಗೆ. ಮೊದಲ ದಿನ ಹುಡುಗರು ನಗಬಹುದು. ನಗಲಿ.

ಕಣ್ಣಿನ ವಿಷಯದಲ್ಲಿ ಇನ್ನೊಂದು ಮಾತು. ನಾವೆಲ್ಲ ಆಸಿಡ್‌ಗೆ ಹೆದರುತ್ತೇವೆ, ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರವನ್ನು ಅಳತೆ ಗೆರೆಯ ಉದ್ದ ಗಾಜಿನ ಕೊಳವೆಗೆ, ಅಂದರೆ ಬ್ಯುರೆಟ್‌ಗೆ ತುಂಬುವಾಗ ಮಾತ್ರ ಬಾಟಲಿಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡು ಸುರಿಯುತ್ತೇವೆ. ಕಣ್ಣಿಗೆ ಕ್ಷಾರ ಆಸಿಡ್‌ಗಿಂತ ಕೆಟ್ಟದ್ದು. ಆಸಿಡ್ ತಾಗಿದ ಜಾಗದ ಪ್ರೋಟೀನ್ ಗಟ್ಟಿಯಾಗಿ ಸ್ವಲ್ಪ ಮಟ್ಟಿಗೆ ಅದೇ ಅಡ್ಡ ನಿಲ್ಲುತ್ತದೆ. ಕ್ಷಾರ ಹಾಗಲ್ಲ, ಎದುರಿಗಿದ್ದ ಕೊಬ್ಬನ್ನು ಸಾಬೂನಿನ ಹಾಗೆ ಕರಗಿಸುತ್ತಾ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣದ ಪ್ಯಾಕೆಟ್ ಒತ್ತಿ ಆಡುವಾಗ ಮಕ್ಕಳ ಕಣ್ಣಿಗೆ ಸಿಡಿದು ದೃಷ್ಟಿ ಹೋಗುವುದು ಇದೇ ಕಾರಣಕ್ಕೆ. ಹಾಗಾಗಿ ಬ್ಯುರೆಟ್ ತುಂಬುವಾಗ ಸ್ಟ್ಯಾಂಡನ್ನು ಕೆಳಗಿಳಿಸು, ಫನಲ್ ಇಡು, ಬ್ಯುರೆಟ್ ಬಾಯಿ ನಿನ್ನ ಗದ್ದಕ್ಕಿಂತ ಕೆಳಗೆ ಬರಲಿ. ಕಣ್ಣಿಗೆ ಏನೇ ಬಿದ್ದರೂ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು 15 ನಿಮಿಷಕ್ಕಿಂತ ಕಡಿಮೆಯಿಲ್ಲದಂತೆ ನೀರು ಹರಿಸಬೇಕು. ಒಬ್ಬರೇ ಇದನ್ನು ಮಾಡಲಾಗದು, ನೋವಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಪಕ್ಕದವರು ಹಿಡಿಯಬೇಕು. ಆಮೇಲೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಲೇಬೇಕು.

ಇಲ್ಲೇ ನಮ್ಮ ಊರುಗಳ ಒಂದು ನಿಜ ಹೇಳಬೇಕು. ನಲ್ಲಿ ಇದೆ, ಟ್ಯಾಂಕ್‌ನಲ್ಲಿ ನೀರಿಲ್ಲ. ಬೇಸಿಗೆಯಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇನೋ. ಆದ್ದರಿಂದ ಪ್ರಾಕ್ಟಿಕಲ್ ದಿನ ನೀನು ಮಾಡಬೇಕಾದ ಮೊದಲ ಪ್ರಯೋಗ ನಲ್ಲಿ ತಿರುಗಿಸಿ ನೋಡುವುದು. ನೀರು ಬರದಿದ್ದರೆ ಕಾನ್ ಆಸಿಡ್ ಮುಟ್ಟಬೇಡ. ಮೇಡಂಗೋ ಸರ್‌ಗೋ ಹೋಗಿ ಹೇಳು. ದೊಡ್ಡ ಬಕೆಟ್ ತುಂಬಾ ನೀರು, ಒಂದು ಮಗ್ಗು ಯಾವಾಗಲೂ ಬಾಗಿಲ ಬಳಿ ಇರಲಿ ಅಂತ ಅಟೆಂಡರ್‌ಗೆ ಹೇಳಿಡಿ.

ಬಟ್ಟೆಯ ವಿಷಯ. ಏಪ್ರನ್ ಹತ್ತಿಯದ್ದೇ ಆಗಿರಲಿ. ಟೆರಿಕಾಟ್ ಏಪ್ರನ್ ಇಸ್ತ್ರಿ ನಿಲ್ಲುತ್ತದೆ, ನೋಡಲು ಚೆಂದ, ಆದರೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. 2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಗಾಳಿ ತಾಗಿದರೇ ಹೊತ್ತಿಕೊಳ್ಳುವ ಬ್ಯೂಟೈಲ್ ಲಿಥಿಯಂ ಜಾತಿಯ ದ್ರವವನ್ನು ಸಿರಿಂಜ್‌ನಲ್ಲಿ ಎಳೆಯುತ್ತಿದ್ದಳು. ಸಿರಿಂಜ್‌ನ ಹಿಡಿ ಕಳಚಿಕೊಂಡಿತು. ಮೈಮೇಲೆ ಏಪ್ರನ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. ಹದಿನೆಂಟು ದಿನದ ಮೇಲೆ ತೀರಿಕೊಂಡಳು. ಈ ಸುದ್ದಿ ಓದಿದ ದಿನದಿಂದ ನಾನು ನೈಲಾನ್ ದುಪಟ್ಟಾ ಹಾಕಿದ ಯಾರನ್ನೂ ಬರ್ನರ್ ಹತ್ತಿರ ಬಿಟ್ಟಿಲ್ಲ. ದುಪಟ್ಟಾವನ್ನು ಬ್ಯಾಗ್‌ನಲ್ಲಿಡು, ಇಲ್ಲವೇ ಏಪ್ರನ್ ಒಳಗೆ ಸೇರಿಸು. ಜಡೆ ಕಟ್ಟಿ ಏಪ್ರನ್ ಹಿಂದಕ್ಕೆ ಹಾಕು. ಕಾಲಿಗೆ ಬೆರಳು ಮುಚ್ಚುವ ಶೂ. ಕೆಲವು ಕಡೆ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಬರಲು ಹೇಳುತ್ತಾರೆ. ಕಂಪ್ಯೂಟರ್ ಲ್ಯಾಬ್‌ಗೆ ಅದು ಸರಿ, ಕೆಮಿಸ್ಟ್ರಿ ಲ್ಯಾಬ್‌ಗಲ್ಲ. ಅಲ್ಲಿ ನೆಲದ ಮೇಲೆ ಗಾಜಿನ ಚೂರು ಇಲ್ಲದ ದಿನವೇ ಇಲ್ಲ.

ಗ್ಲೌಸ್ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಗ್ಲೌಸ್ ಹಾಕಿದ್ದೇನೆ, ಇನ್ನು ಏನಾಗುತ್ತದೆ ಅನ್ನುವ ಧೈರ್ಯ ಒಳ್ಳೆಯದಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮಿಸ್ಟ್ರಿ ಪ್ರೊಫೆಸರ್ ಕ್ಯಾರೆನ್ ವೆಟರ್‌ಹಾನ್ 1996ರ ಆಗಸ್ಟ್‌ನಲ್ಲಿ ಎಲ್ಲ ನಿಯಮ ಪಾಲಿಸಿಯೇ ಕೆಲಸ ಮಾಡುತ್ತಿದ್ದರು. ಪಾದರಸವಿರುವ ಘೋರ ವಿಷ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಲೇಟೆಕ್ಸ್ ಗ್ಲೌಸ್ ಮೇಲೆ ಬಿತ್ತು. ಅದು ಲೇಟೆಕ್ಸ್ ಮೂಲಕ ಕ್ಷಣಗಳಲ್ಲಿ ಒಳಕ್ಕೆ ಇಳಿಯುತ್ತದೆ ಅಂತ ಆಗ ತಿಳಿದಿರಲಿಲ್ಲ. ತಿಂಗಳುಗಟ್ಟಲೆ ಏನೂ ಗೊತ್ತಾಗಲಿಲ್ಲ. 1997ರ ಜೂನ್‌ನಲ್ಲಿ ಪಾದರಸದ ವಿಷದಿಂದ ತೀರಿಕೊಂಡರು. ನಿನ್ನ ಲ್ಯಾಬ್‌ನಲ್ಲಿ ಅಂಥ ವಸ್ತು ಇಲ್ಲ, ಹೆದರಬೇಡ. ಗ್ಲೌಸ್ ಮೇಲೆ ಏನಾದರೂ ಬಿದ್ದರೆ ಕೂಡಲೇ ಬಿಚ್ಚಿ ಕೈ ತೊಳೆ, ಅಷ್ಟು ಸಾಕು. ಗ್ಲೌಸ್ ಹಾಕಿಕೊಂಡು ಮೊಬೈಲ್ ಮುಟ್ಟಬೇಡ. ಅದೇ ಮೊಬೈಲ್ ಆಮೇಲೆ ಕೆನ್ನೆಗೆ ತಾಗುತ್ತದೆ. ನೀರಿನ ಬಾಟಲಿ, ಡಬ್ಬಿ ಯಾವುದೂ ಒಳಗೆ ಬೇಡ. ದ್ರಾವಣ ಅಳೆದು ತೆಗೆಯುವ ಪಿಪೆಟ್‌ಗೆ ಬಾಯಿ ಹಾಕಿ ಎಳೆಯುವ ಅಭ್ಯಾಸ ಇನ್ನೂ ಎಷ್ಟೋ ಕಡೆ ಇದೆ. ಆಕ್ಸಾಲಿಕ್ ಆಸಿಡ್ ವಿಷ, ನೋಡಲು ನೀರಿನ ಹಾಗೆಯೇ ಇರುತ್ತದೆ. ರಬ್ಬರ್ ಬಲ್ಬ್ ಇಲ್ಲದಿದ್ದರೆ ಬ್ಯುರೆಟ್‌ನಿಂದಲೇ ಅಳೆದುಕೊಳ್ಳುತ್ತೇನೆ ಅಂತ ಹೇಳು. ಯಾವ ಮೇಷ್ಟ್ರೂ ಅದಕ್ಕೆ ಮಾರ್ಕ್ಸ್ ಕಡಿಮೆ ಮಾಡಲಾರರು.

ಇನ್ನು ಬಾಟಲಿಗಳು. ರೀಜೆಂಟ್ ಬಾಟಲಿಯ ಲೇಬಲ್‌ಗೆ ಆಸಿಡ್ ಹೊಗೆ ತಾಗಿ ತಾಗಿ ಅಕ್ಷರ ಅಳಿಸಿಹೋಗಿರುತ್ತದೆ. ‘ಡೈಲ್ಯೂಟ್’ ಯಾವುದು, ‘ಕಾನ್’ ಯಾವುದು ಅಂತ ಇರುವ ಜಾಗ ನೋಡಿ ಊಹಿಸುತ್ತೇವೆ. ಯಾರೋ ಜಾಗ ಬದಲಿಸಿದರೆ ಮುಗಿಯಿತು. ಊಹೆ ಬೇಡ, ಓದಲಾಗದ ಬಾಟಲಿ ಮುಟ್ಟಬೇಡ. ಸುರಿಯುವಾಗ ಲೇಬಲ್ ಅಂಗೈ ಕಡೆಗಿರಲಿ, ಆಗ ಇಳಿದ ಹನಿ ಅಕ್ಷರವನ್ನು ತಿನ್ನುವುದಿಲ್ಲ. ಬಾಟಲಿಯನ್ನು ಕುತ್ತಿಗೆ ಹಿಡಿದು ಎತ್ತಬೇಡ, ಇನ್ನೊಂದು ಕೈ ತಳಕ್ಕಿರಲಿ. ಲಿಕ್ಕರ್ ಅಮೋನಿಯಾ (ನೀರಿನಲ್ಲಿ ಕರಗಿಸಿದ ಗಟ್ಟಿ ಅಮೋನಿಯಾ) ಬಾಟಲಿಯನ್ನು ಏಪ್ರಿಲ್, ಮೇ ತಿಂಗಳಲ್ಲಿ ತೆರೆಯುವುದು ಒಂದು ದೊಡ್ಡ ಕೆಲಸ. ಸೆಕೆಗೆ ಒಳಗೆ ಒತ್ತಡ ಕಟ್ಟಿಕೊಂಡು, ಮುಚ್ಚಳ ಸಡಿಲಿಸಿದ ಕೂಡಲೇ ಕಾರಂಜಿಯ ಹಾಗೆ ಮುಖಕ್ಕೆ ಹಾರುತ್ತದೆ. ಮೊದಲು ಬಾಟಲಿಯನ್ನು ತಣ್ಣೀರಿನಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿ, ನಿಧಾನವಾಗಿ ತೆರೆಯಬೇಕು. ಅದೂ ಅಟೆಂಡರ್ ಅಥವಾ ಮೇಷ್ಟ್ರು, ನೀನಲ್ಲ. ಈಥರ್ ಕುದಿಯುವುದು 34.6 ಡಿಗ್ರಿಗೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಬಿಸಿಲು 40 ದಾಟುತ್ತದೆ. ಅಂದರೆ ಬಾಟಲಿಯಲ್ಲಿ ಈಥರ್ ತಾನಾಗಿ ಕುದಿಯುವಷ್ಟು ಸೆಕೆ. ಅದರ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದುಕೊಂಡು ಹೋಗಿ ಆ ತುದಿಯ ಬರ್ನರ್‌ನಿಂದ ಬೆಂಕಿ ತರುತ್ತದೆ. ಈಥರ್, ಆಲ್ಕೊಹಾಲ್, ಅಸಿಟೋನ್ ಬಾಟಲಿ ತೆರೆಯುವ ಮೊದಲು ಸುತ್ತಲಿನ ಬರ್ನರ್ ಎಲ್ಲ ಆರಿರಬೇಕು. ಇವನ್ನು ಬಿಸಿ ಮಾಡಬೇಕಾದರೆ ವಾಟರ್ ಬಾತ್‌ನಲ್ಲಿ, ಅಂದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಮಾತ್ರ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಮೇನ್ ವಾಲ್ವ್ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ. ಮನೆಯಲ್ಲಿ ಮಾಡುವುದೇ. ಸಿಲಿಂಡರ್ ಅಂದರೆ ಸುಮ್ನೆ ಅಲ್ಲ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ವೇವ್ ಲ್ಯಾಬ್‌ನಲ್ಲಿ ಹೈಡ್ರೊಜನ್ ಸಿಲಿಂಡರ್ ಸಿಡಿದು ಒಬ್ಬ ಯುವ ಸಂಶೋಧಕ ಸತ್ತರು, ಮೂವರಿಗೆ ಗಾಯವಾಯಿತು. ಲ್ಯಾಬ್ ಎಷ್ಟೇ ಹೆಸರುವಾಸಿಯಾದರೂ ಗ್ಯಾಸ್‌ಗೆ ಅದು ಗೊತ್ತಾಗುವುದಿಲ್ಲ.

ಫ್ಯೂಮ್ ಹುಡ್ ಫ್ಯಾನ್ ಓಡುವುದಿಲ್ಲ ಅಂತ ಬರೆದಿದ್ದೀಯ. ಹಾಗಿದ್ದರೆ ಅದು ಬರೀ ಗಾಜಿನ ಕಪಾಟು. ಅದರೊಳಗೆ ತಲೆ ಹಾಕಿ ಕೆಲಸ ಮಾಡುವುದು ಹೊರಗೆ ಮಾಡುವುದಕ್ಕಿಂತ ಕೆಟ್ಟದ್ದು, ಹೊಗೆ ಅಲ್ಲೇ ನಿಂತಿರುತ್ತದೆ. ಅದು ರಿಪೇರಿ ಆಗುವವರೆಗೆ ಹೊಗೆ ಬರುವ ಟೆಸ್ಟುಗಳನ್ನು ಕಿಟಕಿ ಪಕ್ಕದ ಮೇಜಿನಲ್ಲಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಸ್ವಲ್ಪವೇ ಸಾಲ್ಟ್ ತೆಗೆದುಕೊಂಡು ಮಾಡಿ. ಕಡಲೆಕಾಳಿನಷ್ಟು ಸಾಕು. ಚಮಚದಲ್ಲಿ ಹಾಕಿದರೆ ಉತ್ತರ ಬೇಗ ಬರುವುದಿಲ್ಲ, ಹೊಗೆ ಮಾತ್ರ ಜಾಸ್ತಿ. ವಾಸನೆ ನೋಡಬೇಕಾದರೆ ಮೂಗು ಹತ್ತಿರ ಒಯ್ಯಬೇಡ, ಕೈಯಿಂದ ಗಾಳಿ ಬೀಸಿ ತಂದುಕೋ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೊಜನ್ ಸಲ್ಫೈಡ್ ವಿಷಯದಲ್ಲಿ ಮೂಗನ್ನು ನಂಬಲೇಬೇಡ. ಪ್ರಮಾಣ ಜಾಸ್ತಿಯಾದಾಗ ಮೂಗು ಮರಗಟ್ಟಿ ವಾಸನೆಯೇ ನಿಲ್ಲುತ್ತದೆ. ವಾಸನೆ ಹೋಯಿತು ಅಂತ ಒಳಗೆ ಉಳಿದರೆ ಅಪಾಯ.

ಕಾಲೇಜಿಗೆ ಹೇಗೆ ಹೇಳುವುದು? ಒಬ್ಬಳೇ ಹೋಗಿ ದೂರಿದರೆ ಇವಳಿಗೆ ಭಯ ಅಂತ ಪಕ್ಕಕ್ಕಿಡುತ್ತಾರೆ. ಕ್ಲಾಸಿನವರೆಲ್ಲ ಸೇರಿ ಒಂದು ಪುಟದ ಪತ್ರ ಬರೆಯಿರಿ. ನಿನಗೆ ಆದದ್ದನ್ನು ತಾರೀಖಿನ ಸಮೇತ ಎರಡು ಸಾಲಿನಲ್ಲಿ ಹೇಳಿ. ಕೇಳುವುದು ಮೂರೇ ಇರಲಿ. ಪ್ರತಿ ಬ್ಯಾಚಿಗೆ ಆಗುವಷ್ಟು ಕನ್ನಡಕ, ಫ್ಯೂಮ್ ಹುಡ್ ಫ್ಯಾನ್ ರಿಪೇರಿ, ಕಣ್ಣು ತೊಳೆಯಲು ಒಂದು ನಲ್ಲಿಗೆ ಮೆತ್ತನೆಯ ರಬ್ಬರ್ ಪೈಪ್. ಎಲ್ಲರೂ ಸಹಿ ಮಾಡಿ, ಮೊದಲು ವಿಭಾಗದ ಮುಖ್ಯಸ್ಥರಿಗೆ, ಆಮೇಲೆ ಪ್ರಿನ್ಸಿಪಾಲರಿಗೆ ಕೊಡಿ, ಕೊಟ್ಟ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಹತ್ತು ವಿಷಯ ಬರೆದರೆ ಒಂದೂ ಆಗುವುದಿಲ್ಲ. ನೀವು ಲ್ಯಾಬ್ ಫೀ ಕಟ್ಟಿದ್ದೀರಿ, ಇದು ಬೇಡಿಕೊಳ್ಳುವ ವಿಷಯ ಅಲ್ಲ.

ಗೆಳತಿಯರ ಜೊತೆಗೂ ಮಾತಾಡು. ‘ನಿನ್ನ ಟ್ಯೂಬ್ ಆ ಕಡೆ ತಿರುಗಿಸೇ’ ಅಂತ ಕೂಗಿ ಹೇಳುವುದಕ್ಕೆ ಲ್ಯಾಬ್‌ನಲ್ಲಿ ಯಾರೂ ಸಂಕೋಚ ಪಡಬಾರದು, ಕೇಳಿಸಿಕೊಂಡವರು ಬೇಜಾರು ಮಾಡಿಕೊಳ್ಳಬಾರದು. ಇದನ್ನು ನಿಮ್ಮ ಬ್ಯಾಚಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ಹಾಗೇ ಆಂಬುಲೆನ್ಸ್‌ನ 108 ಮತ್ತು ತುರ್ತು ಸಹಾಯದ 112 ಎರಡೂ ನಂಬರ್‌ಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಅಮ್ಮನಿಗೆ ನನ್ನ ಪರವಾಗಿ ಹೇಳು: ನಿಮ್ಮ ಆತಂಕ ನ್ಯಾಯವಾದದ್ದೇ, ಮಗಳ ಕೈ ಸುಟ್ಟಿದೆ. ಆದರೆ ಅವಳು ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಸಿಕೊಂಡಾಗ ಅಡುಗೆ ಬಿಡಿಸಲಿಲ್ಲ, ಸೌಟು ಹಿಡಿಯುವುದನ್ನು ಹೇಳಿಕೊಟ್ಟಿರಿ. ಕನ್ನಡಕ ತಂದ ದಿನ ಅಮ್ಮನಿಗೇ ತೋರಿಸು, ಹಾಕಿಕೊಂಡು ನೋಡಲಿ.

ನಡುಗುವ ಕೈ ಬಗ್ಗೆ ನಾಚಿಕೆ ಬೇಡ ಕಣಮ್ಮ. ಮೊಣಕೈಯನ್ನು ಮೇಜಿಗೆ ಊರಿ ಹಿಡಿದರೆ ನಡುಕ ಬೆರಳಿಗೆ ಅಷ್ಟಾಗಿ ಬರುವುದಿಲ್ಲ. ಗುರುವಾರ ಹೀಗೆ ಮಾಡು. ಹತ್ತು ನಿಮಿಷ ಮೊದಲೇ ಹೋಗು. ನಲ್ಲಿ ನೋಡು. ಕನ್ನಡಕ ಹಾಕು. 250 ಮಿಲಿ ಬೀಕರ್‌ನಲ್ಲಿ ಅರ್ಧದಷ್ಟು ನೀರು ತುಂಬಿ ಪಕ್ಕದಲ್ಲಿಟ್ಟುಕೋ, ಅದು ಕೊನೆಗೆ ಬೇಕು. ಟ್ಯೂಬ್‌ನಲ್ಲಿ ಎರಡು ಮಿಲಿ ಸಾಲ್ಟ್ ದ್ರಾವಣ, ಅಷ್ಟೇ ಆಗತಾನೇ ಮಾಡಿದ ಫೆರಸ್ ಸಲ್ಫೇಟ್. ಬಿಸಿ ಮಾಡುವುದಿಲ್ಲ ಈ ಟೆಸ್ಟ್‌ನಲ್ಲಿ, ಬರ್ನರ್ ಆರಿಸಿಬಿಡು. ಟ್ಯೂಬನ್ನು ಸ್ಟ್ಯಾಂಡಿನ ಅಂಚಿಗೆ ಓರೆಯಾಗಿ ಒರಗಿಸು. ಕಾನ್ ಆಸಿಡನ್ನು ದೊಡ್ಡ ಬಾಟಲಿಯಿಂದ ಸುರಿಯಬೇಡ, ಡ್ರಾಪರ್‌ನಿಂದ ತೆಗೆದುಕೋ. ಡ್ರಾಪರ್ ಯಾವಾಗಲೂ ಮೂತಿ ಕೆಳಗೆ, ತಲೆಕೆಳಗಾದರೆ ಆಸಿಡ್ ರಬ್ಬರನ್ನು ತಿಂದು ಬೆರಳಿಗೆ ಬರುತ್ತದೆ. ಅದರ ತುದಿಯನ್ನು ಟ್ಯೂಬಿನ ಒಳಗೋಡೆಗೆ ತಾಗಿಸಿ, ಗೋಡೆಗುಂಟ ಒಂದೊಂದೇ ಹನಿ ಜಾರಲಿ. ಅಲುಗಾಡಿಸಬೇಡ, ಕಲಕಬೇಡ. ಆಸಿಡ್ ಭಾರ, ಅದೇ ತಳಕ್ಕೆ ಹೋಗಿ ಕೂರುತ್ತದೆ. ಎರಡೂ ತಾಗುವ ಕಡೆ ತೆಳ್ಳಗೆ ಕಂದು ಉಂಗುರ ಮೂಡುತ್ತದೆ. ಅಲ್ಲೇ ಸ್ಟ್ಯಾಂಡ್‌ನಲ್ಲಿಟ್ಟು ಮೇಡಂ ಕರೆದು ತೋರಿಸು, ರೆಕಾರ್ಡ್‌ನಲ್ಲಿ ಬರೆದುಕೋ.

ಆಮೇಲೆ ಆ ಟ್ಯೂಬನ್ನು ನಲ್ಲಿಗೆ ಒಯ್ಯಬೇಡ. ಪಕ್ಕದಲ್ಲಿಟ್ಟ ಬೀಕರ್ ನೀರಿಗೆ ನಿಧಾನವಾಗಿ, ಬಾಯಿ ಆಚೆ ಮಾಡಿ, ಸ್ವಲ್ಪ ಸ್ವಲ್ಪವೇ ಬಗ್ಗಿಸು. ಬೀಕರ್ ಬೆಚ್ಚಗಾಗುತ್ತದೆ, ಆರಲು ಬಿಡು. ಆಮೇಲೆ ಮೇಡಂ ಹೇಳಿದ ವೇಸ್ಟ್ ಡಬ್ಬಕ್ಕೆ ಹಾಕು. ಖಾಲಿ ಟ್ಯೂಬನ್ನು ನಲ್ಲಿಯಲ್ಲಿ ತೊಳೆದು, ಕೈ ಸೋಪು ಹಾಕಿ ತೊಳೆದು, ಏಪ್ರನ್ ಬಿಚ್ಚು. ಕನ್ನಡಕ ಮಾತ್ರ ಬಾಗಿಲು ದಾಟುವವರೆಗೆ ಇರಲಿ. ಉಂಗುರ ಹೇಗೆ ಬಂತು ಅಂತ ಬರೆದು ತಿಳಿಸು.